ತೀರ್ಪಿನ ನಾಲ್ಕು ನಕಲು

ಹೊಸಹಳ್ಳಿ
೨೭ ಫೆಬ್ರವರಿ ೧೯೫೫

ಅಣ್ಣನಿಗೆ,

ಅಮ್ಮನ ಹನ್ನೊಂದನೇ ದಿನದ ಎಡೆಯ ಎಲೆ ತೆಗೆಯುವ ಮೊದಲೇ ನೀನು ರೈಲು ಹತ್ತಿದೆ. ಅಂಜಮ್ಮತ್ತೆ ನಿನಗೆ ಬುತ್ತಿ ಕಟ್ಟಿಕೊಂಡು ಜಗಲಿಗೆ ಬಂದರೆ ನೀನಿಲ್ಲ. "ಭದ್ರಾವತಿ ಕಾರ್ಖಾನೇಲಿ ಅಷ್ಟು ರಜಾನೂ ಕೊಡಲ್ವೇನೇ?" ಅಂದಳು. ಹೂಂ ಅಂದೆ. ನಿನಗೆ ಇನ್ನೂ ಮೂರು ದಿನ ರಜ ಇತ್ತು ಅಂತ ನನಗೆ ಗೊತ್ತು.

ಯಾವ ಮಾತಿಗೆ ಎದ್ದು ಹೋದೆ ಅಂತಲೂ ಗೊತ್ತು. ಐನೋರು, "ನಿಮ್ಮ ತಂದೆ ತೀರಿಕೊಂಡ ತಿಥಿ ಯಾವುದಪ್ಪ? ಇನ್ನು ಮೇಲೆ ಇಬ್ಬರಿಗೂ ಎಡೆ ಇಡಬೇಕಲ್ಲ" ಅಂದರು. ನೀನು ಗೊತ್ತಿಲ್ಲ ಅಂದೆ. ಅಪ್ಪ ಸತ್ತಾಗ ತಲೆ ಬೋಳಿಸಿಕೊಂಡು ನೀರು ಬಿಟ್ಟವನು ನೀನು. ನನಗಾಗ ಏಳು ವರ್ಷ. ನಿನ್ನ ಬೋಳು ತಲೆ ನೋಡಿ ನಕ್ಕಿದ್ದಕ್ಕೆ ಅಮ್ಮ ಹೊಡೆದದ್ದು ನನಗೇ ನೆನಪಿರುವಾಗ ನಿನಗೆ ದಿನ ಹೇಗೆ ಮರೆಯುತ್ತೆ?

ನನಗೆ ಗೊತ್ತಿರುವುದು ಇಷ್ಟೇ. ಅಮ್ಮನ ತಮ್ಮ ಮರಿಯಪ್ಪ ಮಾವನನ್ನು ಹೊಲಕ್ಕೆ ನೀರೆತ್ತುವ ಕಪಿಲೆ ಬಾವಿಯ ಹತ್ತಿರ ಯಾರೋ ಕಡಿದು ಹಾಕಿದರು. ಅಪ್ಪನೇ ಕಡಿದ ಅಂತ ಹಿಡಿದುಕೊಂಡು ಹೋದರು. ಜೀವಾವಧಿ ಆಯಿತು. ಜೈಲಿನಲ್ಲಿ ಜ್ವರ ಬಂದು ಅಪ್ಪ ಸತ್ತ. ಇದನ್ನೂ ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಲ್ಲ. ಮಾವನ ಹೆಂಡತಿ ಅಂಜಮ್ಮತ್ತೆ ನಮ್ಮ ಜೊತೆಯಲ್ಲೇ ಇದ್ದು ನನ್ನನ್ನು ಎತ್ತಿ ಬೆಳೆಸಿದಳು, ಅವಳೂ ಹೇಳಿದ್ದಲ್ಲ. ಬೀದಿಯಲ್ಲಿ ಆಡುವ ಮಕ್ಕಳು ಹೇಳಿದ್ದು.

ಅಮ್ಮ ಇರುವವರೆಗೂ ಕೇಳುವ ಹಾಗಿರಲಿಲ್ಲ. ಈಗ ಒಂದು ದಿನಾಂಕ ಬೇಕು, ಅಷ್ಟೇ. ಮೊನ್ನೆ ಗುರುವಾರ ಸ್ಕೂಲಿಗೆ ರಜ ಹಾಕಿ ಜೈಲಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತರು ಪಾಪ, ಎರಡು ವರ್ಷದ ಸತ್ತವರ ಪುಸ್ತಕ ತೆಗೆದು ನೋಡಿದರು. ಹೊಸಹಳ್ಳಿ ರಾಮಯ್ಯ ಅಂತ ಯಾರೂ ಇಲ್ಲ. "ಕೇಸ್ ನಂಬರು ತನ್ನಿ, ಹುಡುಕೋಣ. ಜಿಲ್ಲಾ ಕೋರ್ಟಿನ ರೆಕಾರ್ಡು ರೂಮಿನಲ್ಲಿ ಸಿಗುತ್ತೆ" ಅಂದರು.

ನಿನ್ನ ಹತ್ತಿರ ನಂಬರು ಇದ್ದರೆ ಬರೆ. ಇಲ್ಲದಿದ್ದರೆ ನಾನೇ ಹೋಗುತ್ತೇನೆ.

ನಿನ್ನ ತಂಗಿ,
ಚಿಕ್ಕಲಕ್ಷ್ಮಮ್ಮ


ಭದ್ರಾವತಿ
೮ ಮಾರ್ಚ್ ೧೯೫೫

ಚಿಕ್ಕಲಕ್ಷ್ಮಿಗೆ,

ಕಾಗದ ಬಂತು. ಕೋರ್ಟಿಗೆ ಹೋಗಬೇಡ. ರಾಜಾಜಿನಗರದಲ್ಲಿ ಹೊಸ ಸ್ಕೂಲು, ಹೊಸ ಜನ. ಅಲ್ಲಿ ನೀನು ಟೀಚರಮ್ಮ, ಅಷ್ಟೇ ಆಗಿದ್ದೀಯ. ಕೊಲೆ ಕೇಸಿನ ಕಾಗದ ಹುಡುಕಿಕೊಂಡು ಅಲೆಯುವುದನ್ನು ಯಾರಾದರೂ ನೋಡಿದರೆ ಹೆಡ್‌ಮಾಸ್ತರ ಕಿವಿಗೆ ಬೀಳಲು ಎಷ್ಟು ಹೊತ್ತು? ನಿನ್ನ ಸಂಬಂಧಗಳು ಎರಡು ಸಲ ಯಾಕೆ ಮುರಿದವು ಅಂತ ನಾನು ಹೇಳಬೇಕಾಗಿಲ್ಲ.

ತಿಥಿ ತಾನೇ ಬೇಕಾದ್ದು. ಬಹುಧಾನ್ಯ ಸಂವತ್ಸರ, ಭಾದ್ರಪದ ಬಹುಳ ಪಂಚಮಿ. ಐನೋರಿಗೆ ಹೇಳು. ಇನ್ನು ಇದನ್ನು ಇಲ್ಲಿಗೆ ಬಿಡು.

ನಾರಾಯಣಪ್ಪ


ಹೊಸಹಳ್ಳಿ
೩ ಏಪ್ರಿಲ್ ೧೯೫೫

ಅಣ್ಣನಿಗೆ,

ಬಿಡಲಿಲ್ಲ. ಗೊತ್ತಿಲ್ಲದ ತಿಥಿ ಹದಿನೈದು ದಿನದಲ್ಲಿ ಹೇಗೆ ಗೊತ್ತಾಯಿತು ಅಂತ ಯೋಚನೆ ಹತ್ತಿಕೊಂಡಿತು. ಮೂರು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಮಾಗಡಿ ರಸ್ತೆ ಟೋಲ್‌ಗೇಟಿನವರೆಗೆ ನಡೆದು, ಬಸ್ಸು ಹಿಡಿದು ಕೋರ್ಟಿಗೆ ಹೋದೆ.

ರೆಕಾರ್ಡು ರೂಮು ಅಂದರೆ ಕೋರ್ಟಿನ ಹಿಂದೆ ಒಂದು ಉದ್ದನೆ ಕೋಣೆ. ನೆಲದಿಂದ ಸೂರಿನ ತನಕ ಕೆಂಪು ಬಟ್ಟೆಯ ಗಂಟುಗಳು. ಎಷ್ಟು ಜನರ ಜಗಳ ಅಲ್ಲಿ ಉಸಿರು ಕಟ್ಟಿಕೊಂಡು ಕೂತಿದೆಯೋ. ಅದನ್ನು ನೋಡಿಕೊಳ್ಳುವವರು ವೆಂಕಟಗಿರಿ ಅಂತ, ಐವತ್ತು ದಾಟಿದವರು. ತಲೆ ಎತ್ತದೆಯೇ ಕೇಳಿದರು.

"ಕೇಸ್ ನಂಬರು?"

"ಗೊತ್ತಿಲ್ಲ ಸಾರ್."

"ವರ್ಷ?"

"ಮೂವತ್ತಾರೋ ಮೂವತ್ತೇಳೋ."

"ನಂಬರಿಲ್ಲ, ವರ್ಷ ಇಲ್ಲ. ಕಕ್ಷಿದಾರರಲ್ಲದೋರಿಗೆ ಸುಮ್ಸುಮ್ನೆ ತೆಗೆದು ಕೊಡೋ ಹಾಗಿಲ್ಲಮ್ಮ. ನೀವು ಯಾರು ಇದಕ್ಕೆ?"

"ಆರೋಪಿ ಮಗಳು."

ಆಗ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅರ್ಜಿ ಬರೆಯುವುದು ಹೇಗೆ, ಸ್ಟಾಂಪು ಎಲ್ಲಿ ಅಂಟಿಸಬೇಕು, ಯಾಕೆ ಬೇಕು ಅಂತ ಪ್ರಮಾಣಪತ್ರ ಹೇಗೆ ಕೊಡಬೇಕು, ಎಲ್ಲ ಹೇಳಿಕೊಟ್ಟರು. 'ತಂದೆಯ ಮರಣದ ದಿನ ತಿಳಿಯುವ ಸಲುವಾಗಿ' ಅಂತ ಬರೆದೆ.

ಮುಂದಿನ ಶನಿವಾರ ಒಪ್ಪಿಗೆಯಾಗಿತ್ತು. ವರ್ಷವಾರು ರಿಜಿಸ್ಟರು ನನ್ನ ಮುಂದಿಟ್ಟು ಬೆಂಚು ತೋರಿಸಿದರು. ಮೂವತ್ತಾರರಲ್ಲಿ ಸಿಗಲಿಲ್ಲ. ಮೂವತ್ತೇಳರಲ್ಲಿ ಒಬ್ಬ ರಾಮಯ್ಯ ಲಗ್ಗೆರೆಯವನು, ದನ ಕದ್ದವನು. ಇನ್ನೊಬ್ಬ ಬ್ಯಾಡರಹಳ್ಳಿಯವನು. ಅಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಯಿತು.

ನಿನ್ನೆ ಸಿಕ್ಕಿತು. ಸೆಷನ್ಸ್ ಕೇಸು ೧೯, ಇಸವಿ ೧೯೩೭. ಹೊಸಹಳ್ಳಿ ರಾಮಯ್ಯ. ಕೊಲೆ. ಜೀವಾವಧಿ. ಕೊನೆಯ ಕಾಲಂನಲ್ಲಿ ಕೆಂಪು ಶಾಯಿಯ ಒಂದು ಸಾಲು ಇತ್ತು. ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷಿನ ಮೇಲೆ ನಂಬಿಕೆಯಿಲ್ಲದೆ ವೆಂಕಟಗಿರಿಯವರನ್ನು ಕರೆದೆ. ಬೆರಳಿಟ್ಟು ಓದಿದರು. "ಹೈಕೋರ್ಟ್ ಅಪೀಲಿನಲ್ಲಿ ಶಿಕ್ಷೆ ರದ್ದು. ಆರೋಪಿ ಖುಲಾಸೆ. ಇಪ್ಪತ್ತೊಂಬತ್ತು ಆಗಸ್ಟ್ ಮೂವತ್ತೆಂಟು."

"ಖುಲಾಸೆ ಅಂದ್ರೆ ಸಾರ್?"

"ಬಿಟ್ಟುಬಿಟ್ರು ಅಂತಮ್ಮ."

ಅಲ್ಲಿಂದ ನೇರ ಜೈಲಿಗೆ ಹೋದೆ. ಈ ಸಲ ಸತ್ತವರ ಪುಸ್ತಕ ಬೇಡ, ಬಿಟ್ಟವರ ಪುಸ್ತಕ ನೋಡಿ ಅಂದೆ. ಅಪ್ಪ ಆಚೆ ಬಂದದ್ದು ೧೪ ಸೆಪ್ಟೆಂಬರ್ ೧೯೩೮. ಐನೋರ ಹಳೇ ಪಂಚಾಂಗದಲ್ಲಿ ಆ ದಿನ ಏನು ಅಂತ ತೆಗೆಸಿದೆ.

ಭಾದ್ರಪದ ಬಹುಳ ಪಂಚಮಿ.

ಜೈಲಿನಿಂದ ಆಚೆ ಬಂದ ದಿನವೇ ಅಪ್ಪ ಸತ್ತದ್ದು ಹೇಗೆ ಅಣ್ಣ?

ಚಿಕ್ಕಲಕ್ಷ್ಮಮ್ಮ


ಹೊಸಹಳ್ಳಿ
೨೪ ಏಪ್ರಿಲ್ ೧೯೫೫

ಅಣ್ಣನಿಗೆ,

ಮೂರು ವಾರ ಆಯಿತು. ಅಂಚೆಯವನು ನಮ್ಮ ಮನೆ ದಾಟಿ ಹೋಗುವಾಗ ಅವನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸುತ್ತಾನೆ.

ಹೈಕೋರ್ಟಿನ ತೀರ್ಪಿನ ನಕಲು ಶುಕ್ರವಾರ ಕೈಗೆ ಬಂತು. ಹನ್ನೊಂದು ಪುಟ. ಸಾಕ್ಷಿಗಳ ಹೇಳಿಕೆಯನ್ನೂ ಕೇಳಿದೆ. ಅದನ್ನು ಇಷ್ಟು ವರ್ಷ ಅಂತ ಇಟ್ಟು ನಾಶ ಮಾಡುವುದು ನಿಯಮವಂತೆ. ಐದು ವರ್ಷದ ಹಿಂದೆ ಹೋಯಿತಂತೆ. ತೀರ್ಪು ಮಾತ್ರ ಯಾವತ್ತಿಗೂ ಉಳಿಯುತ್ತಂತೆ. ನಿಘಂಟು ಇಟ್ಟುಕೊಂಡು ಎರಡು ದಿನ ಓದಿದ್ದೇನೆ. ಅದರ ಮಾತು ಆಮೇಲೆ.

ನಕಲು ಕೊಟ್ಟಿದ್ದಕ್ಕೆ ನಾನು ರಿಜಿಸ್ಟರಿನಲ್ಲಿ ರುಜು ಹಾಕುವಾಗ ವೆಂಕಟಗಿರಿಯವರು, "ಈ ತೀರ್ಪಿನ ನಕಲು ನಿಮ್ಮದು ಐದನೇದು ಕಣಮ್ಮ" ಅಂದರು. ಹಳೆಯ ಪುಸ್ತಕಗಳನ್ನು ತೆಗೆದು ತೋರಿಸಿದರು. ಮೂವತ್ತೆಂಟು, ನಲವತ್ತೆರಡು, ನಲವತ್ತೇಳು, ಐವತ್ತಮೂರು. ನಾಲ್ಕು ಕಡೆಯೂ ಒಂದೇ ಹೆಬ್ಬೆಟ್ಟು. ನಾಲ್ಕು ಕಡೆಯೂ ಒಂದೇ ವಿಳಾಸ: ರಾಮಯ್ಯ, ಚನ್ನವೀರಪ್ಪನವರ ತೆಂಗಿನ ತೋಟ, ಕೆಂಗೇರಿ.

ಕೊನೇ ಸಲ ಬಂದವರು ವೆಂಕಟಗಿರಿಯವರಿಗೆ ನೆನಪಿದ್ದಾರೆ. "ಒಂದು ಸಲ ತಗೊಂಡ್ಮೇಲೆ ಮತ್ಯಾಕೆ ಯಜಮಾನ್ರೇ ಅಂದೆ. ಮನೆಗೆ ಕಳಿಸ್ತೀನಿ ಸಾಮಿ, ತಲುಪ್ತಾ ಇಲ್ಲ ಅಂತ ಕಾಣ್ಸುತ್ತೆ ಅಂದ್ರು."

ಐವತ್ತಮೂರರ ದೀಪಾವಳಿಗೆ ನಿನ್ನ ಹೆಸರಿಗೆ ಒಂದು ದಪ್ಪ ಲಕೋಟೆ ಬಂದಿತ್ತು. ಕೆಂಗೇರಿ ಮೊಹರು. ಅಮ್ಮ ಒಲೆಯ ಮುಂದೆ ಕೂತಿದ್ದಳು. "ಏನೇ ಅದು?" ಅಂದಳು. "ಅಣ್ಣಂದು" ಅಂದು ನಾನೇ ಹಳೇ ವಿಳಾಸ ಹೊಡೆದು ಭದ್ರಾವತಿ ಅಂತ ಬರೆದು ಡಬ್ಬಿಗೆ ಹಾಕಿ ಬಂದೆ.

ತಲುಪಿತು ತಾನೇ?

ಚಿಕ್ಕಲಕ್ಷ್ಮಮ್ಮ


ಭದ್ರಾವತಿ
೧೧ ಮೇ ೧೯೫೫

ಚಿಕ್ಕಲಕ್ಷ್ಮಿ,

ತಲುಪಿತು. ನಾಲ್ಕೂ ತಲುಪಿದವು.

ಇದನ್ನು ಬರೆಯಲು ಕೂತು ಎಷ್ಟು ಹಾಳೆ ಹರಿದೆ ಅಂತ ಲೆಕ್ಕವಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಅವತ್ತು ಮಧ್ಯಾಹ್ನ. ನೀನು ಸ್ಕೂಲಿಗೆ ಹೋಗಿದ್ದೆ. ಊರೆಲ್ಲ ಹೊಲದಲ್ಲಿತ್ತು. ಮಾವ ಸತ್ತ ಮೇಲೆ ಅಂಜಮ್ಮತ್ತೆ ನಮ್ಮ ಮನೆಯಲ್ಲೇ ಇದ್ದಳಲ್ಲ, ಒಳಗೆ ರಾಗಿ ಬೀಸುತ್ತಿದ್ದಳು. ಅಪ್ಪ ಬಂದು ಮೆಟ್ಟಿಲ ಕೆಳಗೆ ನಿಂತ. ಅರ್ಧ ಆಳಾಗಿದ್ದ. ನಾನು ಗುರುತು ಹಿಡಿಯುವುದರೊಳಗೆ ಅಮ್ಮ ಬಾಗಿಲಿಗೆ ಬಂದಿದ್ದಳು.

"ಬಿಟ್ರು ಕಣೇ ಮುನಿತಾಯಿ" ಅಂದ.

"ಯಾರು ಬಿಟ್ರು?"

"ಕೋರ್ಟ್ನೋರು."

"ಕೋರ್ಟ್ನೋರು ಬಿಟ್ರೆ ಕೋರ್ಟಿಗೇ ಹೋಗು."

ಒಳಗೆ ಬೀಸುವ ಕಲ್ಲು ನಿಂತಿತು. ಅಂಜಮ್ಮತ್ತೆ ಎಲ್ಲ ಕೇಳಿಸಿಕೊಂಡಳು, ಆಚೆ ಬರಲಿಲ್ಲ. ಅಮ್ಮ ನನ್ನ ಕಡೆ ತಿರುಗಿ, "ಬಾಗಿಲು ಹಾಕೋ ನಾರಾಣಿ" ಅಂದಳು. ಹಾಕಿದೆ. ನನಗೆ ಹದಿನಾರು ವರ್ಷ, ಹಾಕಲ್ಲ ಅನ್ನಬಹುದಿತ್ತು. ಅಪ್ಪ ಬಾಗಿಲು ತಟ್ಟಲಿಲ್ಲ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದ. ಕೆಮ್ಮಿದ್ದು ಒಳಗೆ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಮಾರನೇ ದಿನ ಅಮ್ಮ ಕುಂಕುಮ ಅಳಿಸಿ ಬಳೆ ತೆಗೆದಳು. ಯಾಕಮ್ಮ ಅಂದೆ. "ನನ್ನ ಗಂಡ ಕಡಿದು ನನ್ನ ತಮ್ಮನ ಹೆಂಡ್ತಿ ಹಣೆ ಬರಿದಾಯ್ತು. ಅವಳ ಎದುರಿಗೆ ನಾನು ಕುಂಕುಮ ಇಟ್ಕೊಂಡು ಓಡಾಡ್ಲಾ?" ಅಂದಳು. ಜೈಲಿನಲ್ಲಿ ಸತ್ತ ಅಂತ ಊರಿಗೆ ಹೇಳಿದಳು. ನನ್ನ ತಲೆ ಬೋಳಿಸಿದಳು. ಬದುಕಿರುವ ತಂದೆಗೆ ನಾನು ನೀರು ಬಿಟ್ಟೆ. ಅಪ್ಪ ಬಂದದ್ದನ್ನು ಒಂದಿಬ್ಬರು ನೋಡಿದ್ದರು. ಅಮ್ಮನ ಮುಖ ನೋಡಿ ಸುಮ್ಮನಾದರು.

ಎರಡು ತಿಂಗಳಿಗೆ ಮೊದಲನೇ ಲಕೋಟೆ ಬಂತು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೇಟೆಯಲ್ಲಿ ಒಬ್ಬ ವಕೀಲರ ಗುಮಾಸ್ತೆಯಿಂದ ಓದಿಸಿದೆ. "ನಿಮ್ಮಪ್ಪ ಮಾಡಿಲ್ಲ ಅಂತ ಇದ್ರಲ್ಲಿಲ್ಲ ಕಣೋ. ಮಾಡಿದಾನೆ ಅಂತ ಗಟ್ಟಿಯಾಗಿ ಹೇಳಕ್ಕಾಗಲ್ಲ ಅಂತಿದೆ" ಅಂದ. ಅದನ್ನು ತಗೊಂಡು ಅಮ್ಮನ ಮುಂದೆ ಹೋಗಿ ಏನು ಓದಲಿ? ಇಟ್ಟುಕೊಂಡೆ. ಎರಡನೆಯದು ಬಂದಾಗ, ಮೊದಲನೆಯದು ಎಲ್ಲಿ ಅಂತ ಅಮ್ಮ ಕೇಳಿದರೆ ಅನ್ನುವ ಭಯಕ್ಕೆ ಇಟ್ಟುಕೊಂಡೆ. ಆಮೇಲಿನವು ಅಭ್ಯಾಸಕ್ಕೆ. ನಾನು ಭದ್ರಾವತಿಗೆ ಬಂದದ್ದು ಕೆಲಸಕ್ಕೆ ಅಂತ ಎಲ್ಲರೂ ಅಂದುಕೊಂಡಿದ್ದೀರಿ.

ಸುಡಲು ಆಗಲಿಲ್ಲ. ನಾಲ್ಕನ್ನೂ ಈ ಕಾಗದದ ಜೊತೆ ಕಳಿಸಿದ್ದೇನೆ. ಅವು ನನ್ನ ಪೆಟ್ಟಿಗೆಯಲ್ಲಿ ಇನ್ನು ಬೇಡ.

ನಾರಾಯಣಪ್ಪ


ಹೊಸಹಳ್ಳಿ
೬ ಜೂನ್ ೧೯೫೫

ಅಣ್ಣನಿಗೆ,

ನಿನ್ನೆ ಭಾನುವಾರ ಕೆಂಗೇರಿಗೆ ಹೋಗಿದ್ದೆ. ಇಲ್ಲಿಂದ ಏಳೆಂಟು ಮೈಲಿ. ಹದಿನೇಳು ವರ್ಷ ಅಪ್ಪ ಏಳೆಂಟು ಮೈಲಿ ದೂರದಲ್ಲಿ ಇದ್ದ.

ಚನ್ನವೀರಪ್ಪನವರ ತೋಟ ಊರಾಚೆ ಕೆರೆ ಕಡೆಗಿದೆ. ಯಜಮಾನರು ಗೇಟಿನಲ್ಲೇ ಸಿಕ್ಕರು. ರಾಮಯ್ಯನವರು ಅಂದ ಕೂಡಲೇ, "ಒಂದು ದಿನಾನೂ ಅವರನ್ನ ಕೇಳ್ಕೊಂಡು ಯಾರೂ ಬಂದಿಲ್ಲವಲ್ಲಮ್ಮ" ಅಂದು ಕೈ ತೋರಿಸಿದರು.

ಸಸಿಗಳಿಗೆ ನೀರು ಹಾಕುತ್ತಿದ್ದ. ಎತ್ತರದ ಆಳು, ಬೆನ್ನು ಬಾಗಿದೆ. ನಿನ್ನದೇ ಮೂಗು. "ಯಾರಮ್ಮ?" ಅಂದ. "ಹೊಸಹಳ್ಳಿಯಿಂದ" ಅಂದೆ, ಅಷ್ಟೇ. ಕೊಡ ಕೆಳಗಿಟ್ಟು ನನ್ನನ್ನೇ ನೋಡಿದ. ಯಾರ ಮಗಳು ಅಂತ ಕೇಳಲಿಲ್ಲ, ಹೆಸರು ಕೇಳಲಿಲ್ಲ.

"ತಲುಪ್ತಾ?" ಅಂದ.

ತಲುಪಿತು ಅಂದೆ. ಅಮ್ಮ ಮಾಘದಲ್ಲಿ ಹೋದಳು ಅಂತಲೂ ಹೇಳಿದೆ. ಬೇರೆ ಹೇಗೆ ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ. ಅವನು ಪಾತಿಯ ಅಂಚಿನಲ್ಲಿ ಕೂತ. ಕೊಡದಲ್ಲಿ ಉಳಿದಿದ್ದ ನೀರನ್ನು ನಿಧಾನವಾಗಿ ಸಸಿಗೆ ಹಾಕಿ ಮುಗಿಸಿದ. ಆಮೇಲೆ ಕೇಳಿದ, "ಓದಿಸ್ಕೊಂಡು ಕೇಳಿದ್ಲಾ?"

ಸುಳ್ಳು ಹೇಳಬಹುದಿತ್ತು. ನಮ್ಮ ಮನೆಯಲ್ಲಿ ಆಡಿದ ಸುಳ್ಳು ಸಾಕು ಅನ್ನಿಸಿತು. ಇಲ್ಲ, ಅವಳ ತನಕ ಹೋಗಲಿಲ್ಲ, ಅಣ್ಣನ ಹತ್ತಿರ ಉಳಿಯಿತು ಅಂದೆ. ಅವನು ನಿನಗೆ ಬೈಯಲಿಲ್ಲ. "ನೀನು ಓದಿದೀಯಾ? ನನಗೆ ಒಂದ್ಸಲ ಓದಿ ಹೇಳು. ವಕೀಲ್ರು ಗೆದ್ದೆ ಅಂದ್ರು ಅಷ್ಟೇ. ಒಳಗೆ ಏನಿದೆ ಅಂತ ಯಾರೂ ಹೇಳಿಲ್ಲ" ಅಂದ.

ತೆಂಗಿನ ಮರದ ಕೆಳಗೆ ಹನ್ನೊಂದು ಪುಟವನ್ನೂ ಕನ್ನಡ ಮಾಡಿ ಹೇಳಿದೆ. ಕಡಿದದ್ದನ್ನು ಕಂಡವರು ಯಾರೂ ಇಲ್ಲ. ಪಂಚೆಯ ಮೇಲಿನ ರಕ್ತ ಗಾಯಾಳುವನ್ನು ಎತ್ತಿದಾಗಲೂ ಆಗಿರಬಹುದು. ಬಾವಿ ನೀರಿನ ಸರದಿಗೆ ಇಬ್ಬರೂ ಜಗಳವಾಡಿದ್ದು ನಿಜ, ಜಗಳವೊಂದೇ ಸಾಕಾಗದು. ಸಂಶಯದ ಲಾಭ ಆರೋಪಿಗೆ ಸಲ್ಲಬೇಕು.

ಕೈ ಕಟ್ಟಿಕೊಂಡು ಕೇಳಿದ. ಮುಗಿದ ಮೇಲೆ, "ನಾನು ಮಾಡಿಲ್ಲ ಅಂತ ಎಲ್ಲಿ ಬರೆದವ್ರೆ? ಅಲ್ಲಿ ಬೆರಳಿಡು" ಅಂದ.

"ಹಾಗೆ ಬರೆದಿಲ್ಲಪ್ಪ. ಮಾಡಿದೀಯ ಅಂತ ಸಾಬೀತಾಗಿಲ್ಲ ಅಂತ ಬರೆದಿದಾರೆ."

ಅಣ್ಣ, ಆ ಮುಖ ನಾನು ನೋಡಬಾರದಿತ್ತು. ಹದಿನೇಳು ವರ್ಷ ಅದರಲ್ಲಿ ಏನೋ ಇದೆ ಅಂತ ನಾಲ್ಕು ಸಲ ಕಳಿಸಿದ್ದ. "ಹಂಗಾದ್ರೆ ಅವಳು ಓದಿಸಿ ಕೇಳಿದ್ರೂ ಬಾಗಿಲು ತೆಗೀತಿರ್ಲಿಲ್ಲ ಬಿಡು" ಅಂದ.

ನಾನೇ ಕೇಳಿಬಿಟ್ಟೆ. "ನೀನು ಮಾಡಿದೆಯಾ ಅಪ್ಪ?"

"ಇಲ್ಲ ಮಗಾ. ನಾನು ಬಾವಿ ಹತ್ರ ಹೋದಾಗ ಮರಿಯಪ್ಪ ಬಿದ್ದಿದ್ದ. ಎತ್ತಿ ತೊಡೆ ಮೇಲೆ ಮಲಗಿಸ್ಕೊಂಡೆ. ನೀರು ಅಂದ. ತರೋದ್ರೊಳಗೆ ಹೋಗಿಬಿಟ್ಟ. ಇದನ್ನ ನಿಮ್ಮಮ್ಮಂಗೆ ಅವತ್ತೇ ಹೇಳಿದೆ."

ನಾನು ನಂಬಿದೆ. ಒಂದು ಗಂಟೆಯ ಪರಿಚಯದ ಮೇಲೆ ನಂಬಿದೆ. ಅಮ್ಮ ಅಷ್ಟು ವರ್ಷ ಸಂಸಾರ ಮಾಡಿಯೂ ನಂಬಲಿಲ್ಲ. ಯಾರು ಸರಿ ಅಂತ ನನಗೆ ಗೊತ್ತಿಲ್ಲ. ನೀನು ಓದಿ ಹೇಳಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲವೋ ಏನೋ. ಆದರೆ ತೆರೆಯುವುದೋ ಬಿಡುವುದೋ ಅವಳದಾಗಿತ್ತು, ನಿನ್ನದಲ್ಲ. ಇದಿಷ್ಟು ನಿನಗೆ ಹೇಳದೆ ಇರಲಾರೆ.

ಹೊರಡುವಾಗ ಅಮ್ಮನನ್ನು ಎಲ್ಲಿ ಮಣ್ಣು ಮಾಡಿದ್ದೀರಿ ಅಂತ ಕೇಳಿದ. ಹೊಲದ ಬದುವಿನಲ್ಲಿ ಅಂದೆ. ಒಂದು ಸಲ ಕರಕೊಂಡು ಹೋಗು ಅಂದ.

ಚಿಕ್ಕಲಕ್ಷ್ಮಮ್ಮ


ಭದ್ರಾವತಿ
೧೫ ಜೂನ್ ೧೯೫೫

ಚಿಕ್ಕಲಕ್ಷ್ಮಿ,

ನನ್ನ ಬಗ್ಗೆ ಏನಾದರೂ ಕೇಳಿದನಾ? ಮದುವೆ, ಮಕ್ಕಳು, ಏನಾದರೂ?

ಕರೆದುಕೊಂಡು ಹೋಗುವುದಾದರೆ ಅಂಜಮ್ಮತ್ತೆ ಇಲ್ಲದ ದಿನ ನೋಡಿಕೋ. ನಾನು ಬರಲಾ ಬೇಡವಾ ಬರೆ. ಬೇಡ ಅಂದರೂ ತಪ್ಪು ತಿಳಿಯುವುದಿಲ್ಲ.

ನಾರಾಯಣಪ್ಪ


ಹೊಸಹಳ್ಳಿ
೪ ಜುಲೈ ೧೯೫೫

ಅಣ್ಣನಿಗೆ,

ಕೇಳಿದ. ಅವನಿಗೆ ಎಷ್ಟು ಮಕ್ಕಳು ಅಂದ. ಇಬ್ಬರು ಅಂದೆ. ಹೆಸರು ಕೇಳಿದ, ಹೇಳಿದೆ. ದೊಡ್ಡವಳು ಕೋಕಿಲಾಗೆ ಎಷ್ಟು ವರ್ಷ ಅಂದ. ಅಷ್ಟೇ. ಬರುವುದು ಬಿಡುವುದು ನೀನೇ ನಿರ್ಧಾರ ಮಾಡು. ನಾನು ಬಾ ಅಂತಲೂ ಬೇಡ ಅಂತಲೂ ಬರೆಯುವುದಿಲ್ಲ.

ಅಂಜಮ್ಮತ್ತೆ ಇಲ್ಲದ ದಿನ ನೋಡಿದೆ. ನಿನ್ನೆ ಅವಳು ತವರಿಗೆ ಹೋಗುತ್ತೇನೆ ಅಂದಿದ್ದಳು. ಮಧ್ಯಾಹ್ನದ ಮೇಲೆ ಅಪ್ಪನನ್ನು ಕರೆತಂದೆ. ಊರೊಳಗೆ ಬರದೆ ರಾಜಾಜಿನಗರದ ಕಡೆಯಿಂದ, ಹೊಸ ಸೈಟುಗಳ ಕಲ್ಲು ನೆಟ್ಟಿರುವ ಬಯಲು ದಾಟಿ ಬಂದೆವು. "ಇದು ಯಾರ ರಾಗಿ ಹೊಲ, ಅದು ಯಾರದು" ಅಂತ ಕೇಳುತ್ತಾ ಬಂದ. ಹೊಲವೇ ಇರಲಿಲ್ಲ, ಏನು ಹೇಳಲಿ.

ಅಮ್ಮನ ಗುಡ್ಡೆಯ ಹತ್ತಿರ ಚಪ್ಪಲಿ ಬಿಟ್ಟು ಕೂತ. ಅಳಲಿಲ್ಲ. ಮಣ್ಣಿನ ಮೇಲೆ ಎದ್ದಿದ್ದ ಗರಿಕೆಯನ್ನು ಒಂದೊಂದೇ ಕಿತ್ತು ಪಕ್ಕಕ್ಕಿಟ್ಟ.

ಅಂಜಮ್ಮತ್ತೆ ತವರಿಗೆ ಹೋಗಿರಲಿಲ್ಲ. ಯಾರು ಹೇಳಿದರೋ ಕಾಣೆ, ಬದುವಿನ ಮೇಲೆ ಬರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಓಡದೆ, ಹೆಜ್ಜೆ ಎಣಿಸುವ ಹಾಗೆ ಬರುತ್ತಿದ್ದಳು. ನಾನು ಎದ್ದು ಅಡ್ಡ ನಿಂತೆ. "ಅತ್ತೆ, ಬೇಡ ಅತ್ತೆ" ಅಂದೆ. ನನ್ನನ್ನು ಕೈಯಲ್ಲಿ ಪಕ್ಕಕ್ಕೆ ಸರಿಸಿದಳು. ಜೋರಾಗಿ ಅಲ್ಲ, ಚಿಕ್ಕಂದಿನಲ್ಲಿ ಒಲೆ ಹತ್ತಿರದಿಂದ ಸರಿಸುತ್ತಿದ್ದಳಲ್ಲ, ಹಾಗೆ.

ಅಪ್ಪ ಎದ್ದು ನಿಂತಿದ್ದ. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡೆ. ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು.

"ಕೋರ್ಟು ನಿನ್ನ ಬಿಡ್ತಲ್ಲ ರಾಮಣ್ಣ. ಅವತ್ತು ನಾನು ಒಳಗಿಂದ ಕೇಳಿಸ್ಕೊಂಡೆ. ಅದಾದ ಮೇಲೆ ಒಬ್ಬ ಪೊಲೀಸಿನೋನೂ ನಮ್ಮನೆ ಬಾಗಿಲಿಗೆ ಬರ್ಲಿಲ್ಲ. ನೀನಲ್ಲ ಅಂದ್ಮೇಲೆ ಯಾರು? ನಾನು ಯಾರನ್ನ ಕೇಳ್ಲಿ?"

"ಗೊತ್ತಿಲ್ಲ ಅಂಜಮ್ಮ. ಆ ಬಾವಿ ಹತ್ರ ಎಷ್ಟೋ ಸಲ ಮನಸ್ಸಲ್ಲೇ ಹೋಗಿ ನೋಡಿದೀನಿ. ಗೊತ್ತಿದ್ರೆ ಅವತ್ತೇ ಹೇಳ್ತಿದ್ದೆ."

ನನ್ನ ಚೀಲದಲ್ಲಿ ಹನ್ನೊಂದು ಪುಟ ಇತ್ತು. ಅವಳ ಪ್ರಶ್ನೆಗೆ ಅದರಲ್ಲಿ ಒಂದು ಸಾಲೂ ಇಲ್ಲ. ಉತ್ತರ ಇದ್ದಿರಬಹುದಾದ ಸಾಕ್ಷಿಗಳ ಹೇಳಿಕೆಯ ಕಾಗದ ಈಗ ಯಾವ ಗಂಟಿನಲ್ಲೂ ಇಲ್ಲ.

ಅತ್ತೆ ಹಿಂದಕ್ಕೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಗುಡ್ಡೆಯ ಆ ಕಡೆ ಕೂತಳು. ಅಪ್ಪ ಈ ಕಡೆ ಕೂತ. "ಕೊನೇಗೆ ಏನಾಗಿತ್ತು ಅವಳಿಗೆ?" ಅಂದ. "ಎದೆನೋವು. ಮೂರು ದಿನ" ಅಂದಳು. ಅವಳೂ ಗರಿಕೆ ಕೀಳತೊಡಗಿದಳು.

ಕೆಂಗೇರಿ ಬಸ್ಸಿನ ಹೊತ್ತು ಮೀರಿತು. ನಾನು ಕರೆಯಲಿಲ್ಲ.

ನಿನ್ನ ತಂಗಿ,
ಚಿಕ್ಕಲಕ್ಷ್ಮಮ್ಮ